ಪಂಚಮಿಗೆ ಕರೆಯುವ ಮನೆ

ರೇವಣಪ್ಪ ಗುರುಗಳನ್ನು ಕೇಳಿದ: “ಅಜ್ಜಾರೇ, ನಮ್ಮ ದೊಡ್ಡಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸಬೇಕಾಗಿದೆ. ಒಳ್ಳೆಯ ಆಶ್ರಮವನ್ನು ಆರಿಸುವುದು ಹೇಗೆ?”

ಗುರುಗಳು ಹೇಳಿದರು:

ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ತಾಯಿಯಿಲ್ಲದ ಅವನನ್ನು ಸಾಕಿದವಳು ಸೋದರತ್ತೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅಲ್ಲೇ ಉಳಿದವಳು. ಅವಳಿಗೆ ವಯಸ್ಸಾಯಿತು, ಮೊಣಕಾಲು ಸೋತವು. ವ್ಯಾಪಾರಿಯೂ ಅವನ ಹೆಂಡತಿಯೂ ಅಂಗಡಿಯಲ್ಲಿದ್ದ ಹೊತ್ತಿನಲ್ಲಿ ಒಮ್ಮೆ ಅವಳು ಬಚ್ಚಲಲ್ಲಿ ಜಾರಿಬಿದ್ದಳು. ಸಂಜೆಯವರೆಗೂ ಎತ್ತುವವರಿರಲಿಲ್ಲ. ಇನ್ನು ಅವಳೊಬ್ಬಳನ್ನೇ ಬಿಡುವಂತಿಲ್ಲವೆಂದು ವ್ಯಾಪಾರಿ ಆಶ್ರಮ ಹುಡುಕಿದ.

ಅದೇನು ಅಂತಿಂಥ ಹುಡುಕಾಟವೇ! ಕೊಡ ಕೊಳ್ಳುವವರು ಬಡಿದು ನೋಡುವಂತೆ ಎಲ್ಲವನ್ನೂ ನೋಡಿದ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿಯಿದೆಯೇ, ಕೂಗಿದರೆ ಯಾರು ಬರುತ್ತಾರೆ, ಡಾಕ್ಟರು ಎಷ್ಟು ದೂರ ಎಂದು ವಿಚಾರಿಸಿದ. ಅಡುಗೆಮನೆಗೇ ನುಗ್ಗಿ ಸಾರಿನ ರುಚಿ ನೋಡಿದ. ಕೊನೆಗೆ ಭೇಷ್ ಅನ್ನುವಂಥದ್ದೇ ಸಿಕ್ಕಿತು. ಅತ್ತೆ ಬೇಡವೆನ್ನದೆ ಟ್ರಂಕು ಕಟ್ಟಿಕೊಂಡು ಹೋದಳು.

ಹೋದವಳು ಒಂದು ಸೀರೆಯನ್ನೂ ಕಪಾಟಿಗೆ ಎತ್ತಿಡಲಿಲ್ಲ. ಯಾರೊಡನೆಯೂ ಮಾತಿಲ್ಲ. ಊಟ ಅರ್ಧಕ್ಕೇ ಬಿಡುವಳು. ದಿನದಿನಕ್ಕೆ ಇಳಿದುಹೋದಳು. ಹೀಗೇ ಬಿಟ್ಟರೆ ಅತ್ತೆ ತನಗೆ ಉಳಿಯುವುದಿಲ್ಲವೆಂದು ವ್ಯಾಪಾರಿಗೆ ಹೆದರಿಕೆಯಾಯಿತು. ಅದಕ್ಕಿಂತ ಒಳ್ಳೆಯ ಇನ್ನೊಂದು ಆಶ್ರಮಕ್ಕೆ ಸೇರಿಸಿದ. ಅಲ್ಲಿಯೂ ಅದೇ ಹಾಡು. ಪಾಪ, ಎಷ್ಟು ಅಂತ ಸುತ್ತುತ್ತಾನೆ! ಕೊನೆಗೆ ಅವಳ ಪಕ್ಕ ಕುಳಿತು ಅತ್ತೇಬಿಟ್ಟ.

“ಅತ್ತೆ, ಇಲ್ಲಿ ನಿನಗೇನು ಕಡಿಮೆಯಾಗಿದೆ? ಬಾಯಿಬಿಟ್ಟು ಹೇಳಬಾರದೇ?”

“ಇಲ್ಲೇನೂ ಕಡಿಮೆಯಿಲ್ಲಪ್ಪ. ಆದರೆ ಮದುವೆ ಮಾಡಿ ಕಳಿಸಿದ ಮಗಳನ್ನೂ ನಾಗರ ಪಂಚಮಿಗೆ ತವರಿಗೆ ಕರೆಯುತ್ತಾರೆ. ನಾನಿನ್ನೂ ಆಟೋ ಹತ್ತಿರಲಿಲ್ಲ, ನೀನು ನನ್ನ ಮಂಚ ಬಿಚ್ಚಿಸಿ ಆ ಕೋಣೆಗೆ ಅಂಗಡಿಯ ಕೊಪ್ಪರಿಗೆ ತುಂಬಿಸುತ್ತಿದ್ದೆ. ನಾನು ಬರಬೇಕೆಂದರೆ ಎಲ್ಲಿಗೆ ಬರಲಿ?”

ವ್ಯಾಪಾರಿಯ ಮುಖ ಸಣ್ಣದಾಯಿತು. ಮನೆಗೆ ಹೋದವನೇ ಕೊಪ್ಪರಿಗೆಗಳನ್ನೆಲ್ಲ ಹೊರಗೆ ಹಾಕಿಸಿ, ಮಂಚವನ್ನು ಮತ್ತೆ ಜೋಡಿಸಿದ. ಪಂಚಮಿಗೆ ತಾನೇ ಹೋಗಿ ಅತ್ತೆಯನ್ನು ಕರೆತಂದ. ಅಂಗಡಿಗೆ ಬೀಗ ಹಾಕಿ ಗಂಡ ಹೆಂಡತಿ ಮನೆಯಲ್ಲೇ ಉಳಿದರು. ಅತ್ತೆ ಹೊಟ್ಟೆ ತುಂಬ ಉಂಡಳು. ಸೊಸೆ ಕಟ್ಟಿದ ಉಂಡಿ ಕಲ್ಲಾಗಿದೆಯೆಂದು ಹಂಗಿಸಿದಳು. ತನ್ನ ಮಂಚದ ಮೇಲೆ ಮಲಗಿ ಗೊರಕೆ ಹೊಡೆದಳು. ಹಬ್ಬ ಮುಗಿದ ಮಾರನೆಯ ದಿನ ಅವಳೇ ಎದ್ದು, “ನಡೆಯಪ್ಪ, ನನ್ನನ್ನು ಬಿಟ್ಟು ಬಾ. ಪಕ್ಕದ ಮಂಚದವಳಿಗೂ ನಾಲ್ಕು ಉಂಡಿ ಕಟ್ಟಿಸು, ತವರಿನಿಂದ ಬರಿಗೈಲಿ ಹೋಗಬಾರದು,” ಎಂದಳು. ಅಂದಿನಿಂದ ಅವಳು ಆಶ್ರಮದಲ್ಲಿ ನೆಮ್ಮದಿಯಾಗಿದ್ದಳು.

ಕತೆ ಮುಗಿದರೂ ರೇವಣಪ್ಪನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಯಾವ ಆಶ್ರಮ ಒಳ್ಳೆಯದೆನ್ನಬೇಕು, ಅಜ್ಜಾರೇ? ಮೊದಲನೆಯದೋ, ಎರಡನೆಯದೋ?”

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು: “ಅದಿರಲಿ ರೇವಣಪ್ಪ, ನಿಮ್ಮ ದೊಡ್ಡಮ್ಮನ ಕೋಣೆ ಇನ್ನು ಯಾರಿಗೆಂದು ಮನೆಯಲ್ಲಿ ಆಗಲೇ ಮಾತಾಗಿದೆಯಲ್ಲವೇ?”