ಬಿದ್ದಿಲ್ಲ, ಕೂತೆ

ಶಿಷ್ಯನು ಕೇಳಿದನು: “ಗುರುಗಳೇ, ಈಗ ಸೋತವರೆಲ್ಲ ಫೋನಿನಲ್ಲಿ ‘ಬಿದ್ದಿಲ್ಲ, ಕೂತೆ’ ಎಂದು ಬರೆಯುತ್ತಾರೆ. ನನ್ನ ಗೆಳೆಯ ಚನ್ನವೀರ ಪರೀಕ್ಷೆಯಲ್ಲಿ ಮೂರನೆಯ ಸಲ ಫೇಲಾದ. ಬೆಳಿಗ್ಗೆ ಅವನೂ ಅದನ್ನೇ ಬರೆದ. ನಾನು ಬಿದ್ದು ಬಿದ್ದು ನಕ್ಕು, ನಗುವ ಮುಖಗಳನ್ನು ಕಳಿಸಿದೆ. ಈ ಮಾತಿನ ಅರ್ಥವೇನು?”

ಗುರುಗಳು ಹೇಳಿದರು:

“ಒಬ್ಬ ಮೊಸರು ಮಾರುವ ಹೆಂಗಸಿದ್ದಳು. ಗಡಿಗೆ ಹೊತ್ತು ದಿನವೂ ಪೇಟೆಗೆ ಬರುವಳು. ಒಂದು ದಿನ ಪೇಟೆಯ ಮೆಟ್ಟಿಲ ಮೇಲೆ ಕಾಲು ಜಾರಿತು. ಗಡಿಗೆ ಒಡೆದು ತಲೆಯಿಂದ ಕಾಲಿನವರೆಗೆ ಮೊಸರಾಯಿತು. ಜನ ಘೊಳ್ಳೆಂದು ನಕ್ಕರು. ಒಬ್ಬನಂತೂ ಫೋನನ್ನೇ ಎತ್ತಿ ಹಿಡಿದ. ಅವಳಿಗೆ ಸೊಂಟ ನೋವು, ಏಳಲು ಆಗದು. ಮುಖ ಒರೆಸಿಕೊಂಡು, ‘ಬಿದ್ದಿಲ್ಲ, ಕೂತೆ’ ಎಂದಳು.

ಅವಳು ಕುಂಟುತ್ತ ಮನೆ ಸೇರುವ ಮೊದಲೇ ಆ ಮಾತು ಊರು ಸೇರಿತ್ತು. ಅವಳನ್ನು ಕಂಡಲ್ಲೆಲ್ಲ ಜನ ಅದನ್ನೇ ಕೂಗಿದರು. ಪಾಪ, ಅವಳು ಪೇಟೆಗೆ ಹೋಗುವುದನ್ನೇ ಬಿಟ್ಟಳು. ಎಮ್ಮೆಗೇನು ಗೊತ್ತು? ಅದು ಎಂದಿನಂತೆ ಹಾಲು ಕೊಟ್ಟಿತು. ಮನೆಯಲ್ಲಿ ಮೊಸರು ಹುಳಿಯಾಗುತ್ತ ಹೋಯಿತು.

ಅವಳ ಮೊಸರಿಲ್ಲದೆ ಊಟ ಸೇರದ ವರ್ತಕನೊಬ್ಬ ಹುಡುಕಿಕೊಂಡು ಬಂದ. ‘ಏನವ್ವಾ, ಊರೆಲ್ಲ ನಿನ್ನ ಮಾತು ಹೇಳ್ಕೊಂಡು ನಗ್ತಿದೆ. ನೀನು ನೋಡಿದ್ರೆ ಮುನಿಸ್ಕೊಂಡು ಕೂತಿದ್ದೀಯಲ್ಲ?’ ಎಂದ.

‘ನಗಲಿ ಬಿಡಿ ಸ್ವಾಮಿ. ನಗಲಿ ಅಂತಲೇ ಅಂದಿದ್ದು’ ಎಂದಳು ಅವಳು. ‘ಅಯ್ಯೋ ಕೈ ಹಿಡೀರಪ್ಪಾ ಅಂತ ಬಾಯಿಬಿಟ್ಟು ಕೇಳೋಕೆ ನಾಚಿಕೆ ಆಯ್ತು. ನಕ್ಕ ಮೇಲಾದ್ರೂ ಯಾರಾದ್ರೂ ಎಬ್ಬಿಸ್ತಾರೆ ಅಂದ್ಕೊಂಡೆ.’

ವರ್ತಕ ತಲೆ ತಗ್ಗಿಸಿದ. ಅಂದು ಮೆಟ್ಟಿಲ ಮೇಲೆ ನಿಂತು ನಕ್ಕವರಲ್ಲಿ ಅವನೂ ಒಬ್ಬ. ತುಂಬಿದ ಗಡಿಗೆಯನ್ನು ಒಬ್ಬರೇ ತಲೆಗೇರಿಸಿಕೊಳ್ಳುವುದು ಕಷ್ಟ, ಇನ್ನೊಬ್ಬರು ಹೊರಿಸಬೇಕು. ಅವನು ಪಂಚೆ ಎತ್ತಿ ಕಟ್ಟಿ, ಹೊಸ ಗಡಿಗೆಯನ್ನು ತಾನೇ ಎತ್ತಿ ಅವಳ ತಲೆಯ ಮೇಲಿಟ್ಟ. ಅವಳು ಪೇಟೆಗೆ ಹೊರಟಳು. ಮೆಟ್ಟಿಲ ಬಳಿ ಯಾರೋ ‘ಬಿದ್ದಿಲ್ಲ, ಕೂತೆ’ ಎಂದು ಕೂಗಿದಾಗ ಎಲ್ಲರಿಗಿಂತ ಮೊದಲು ಅವಳೇ ನಕ್ಕಳು.”

ಶಿಷ್ಯನಿಗೆ ಸಮಾಧಾನವಾಯಿತು. “ಹಾಗಾದರೆ ಈ ಮಾತಿಗೆ ನಕ್ಕರೆ ತಪ್ಪಿಲ್ಲ, ಅಲ್ಲವೇ?” ಎಂದನು.

“ತಪ್ಪೇನಿಲ್ಲ, ಚೆನ್ನಾಗಿ ನಗು. ಅದಿರಲಿ, ನಿನ್ನ ಚನ್ನವೀರ ಎದ್ದನೋ, ಇನ್ನೂ ಅಲ್ಲೇ ಕೂತಿದ್ದಾನೋ?” ಎಂದರು ಗುರುಗಳು.

ಶಿಷ್ಯನು ಎದ್ದು ಚನ್ನವೀರನ ಮನೆಯ ಕಡೆ ಹೊರಟನು.