ಹಿಡಿ ಮತ್ತು ತುಕ್ಕು ಹಿಡಿದ ಸಾಕೆಟ್

ಮೆಕ್ಯಾನಿಕ್ ಎಬಿನೇಜರ್ ಬಳಿ ನಟ್ಟು ಬಿಚ್ಚುವ, ಅಜ್ಜನ ಕಾಲದ ಸಾಕೆಟ್ ಪಾನಾಗಳ ಪೆಟ್ಟಿಗೆಯಿತ್ತು. ಒಂದು ಸಾಕೆಟ್ ಕಳೆದುಹೋಗಿ ಅದರ ಗುಳಿ ಖಾಲಿಯಿತ್ತು. ಗುಜರಿ ಅಂಗಡಿಗಳನ್ನೆಲ್ಲ ಅಲೆದು ಅವನು ತುಕ್ಕು ಹಿಡಿದದ್ದೊಂದನ್ನು ಹುಡುಕಿ ತಂದ.

"ಯಾರು ನೀನು?" ಎಂದು ಪೆಟ್ಟಿಗೆಯೊಳಗಿದ್ದ, ಸಾಕೆಟ್‌ಗಳನ್ನು ಸಿಕ್ಕಿಸಿ ತಿರುಗಿಸುವ ಹಿಡಿ ಕೇಳಿತು.

"ನಿನ್ನ ತಮ್ಮ. ಲಾರಿಯಡಿ ಬಿದ್ದು ಮಣ್ಣಿನಲ್ಲಿ ಹೂತುಹೋಗಿದ್ದೆ. ಈ ತುಕ್ಕಿನ ಕೆಳಗೆ ನಮ್ಮದೇ ಮೊಹರು ಇದೆ."

"ನನ್ನ ತಮ್ಮ ಬೆಳ್ಳಿಯಂತೆ ಹೊಳೆಯುತ್ತಿದ್ದ. ದೂರ ನಿಲ್ಲು."

ಎಬಿನೇಜರ್ ಎರಡನ್ನೂ ಜೋಡಿಸಲು ನೋಡಿದ. ಹಿಡಿ ಸೆಟೆದುಕೊಂಡು ಕೂಡಿಕೊಳ್ಳಲೇ ಇಲ್ಲ. "ಇದು ಈ ಸೆಟ್ಟಿನದಲ್ಲ" ಎಂದು ಅವನು ಸಾಕೆಟ್ಟನ್ನು ಕಬ್ಬಿಣ ಕರಗಿಸುವ ಕುಲುಮೆಗೆ ಹೊರಟಿದ್ದ ಗಾಡಿಗೆ ಎಸೆದ. ಬಿದ್ದ ರಭಸಕ್ಕೆ ತುಕ್ಕು ಉದುರಿ ಮೊಹರು ಕಾಣಿಸಿತು.

"ತಮ್ಮಾ!" ಎಂದು ಹಿಡಿ ಕೂಗಿತು. ಗಾಡಿ ಹೊರಟುಹೋಗಿತ್ತು.

ಎಬಿನೇಜರ್ ಹೊಸ ಸಾಕೆಟ್ ಕೊಂಡು ತಂದು ಆ ಗುಳಿಯಲ್ಲಿಟ್ಟ.

"ಮೊದಲು ಈ ಜಾಗ ಯಾರದಾಗಿತ್ತು?" ಎಂದು ಹೊಸದು ವಿನಯದಿಂದ ಕೇಳಿತು.

"ನನ್ನ ತಮ್ಮನದು. ಕಳೆದುಹೋಗಿದ್ದ."

"ಪಾಪ, ತಿರುಗಿ ಬರಲೇ ಇಲ್ಲವೇ?"

ಹಿಡಿ ಗಾಡಿ ಹೋದ ದಾರಿಯತ್ತ ನೋಡಿತು.

"ಬಂದಿದ್ದ" ಎಂದಿತು.