ವೈರಾಣು ಹೊತ್ತ ಔಷಧ

"ಗುರುಗಳೇ, ಹೆದರುವವರ ಕೈಗೆ ದೊಡ್ಡ ಕೆಲಸವನ್ನು ಒಪ್ಪಿಸಬಹುದೇ?" ಎಂದು ಶಿಷ್ಯ ನಿಜಗುಣ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ನೀಲವ್ವ ಎಂಬ ನೇಕಾರ ಹೆಂಗಸಿದ್ದಳು. ಅವಳ ಹಿರಿಯ ಮಗ ಮೆದುಳು ಜ್ವರದಿಂದ ತೀರಿಕೊಂಡಿದ್ದ. ಅದು ವೈರಾಣುವಿನಿಂದ ಬಂದ ಜ್ವರ ಎಂದು ಆಗ ಹೇಳಿದ್ದರು. ಉಳಿದವಳು ಆರು ವರ್ಷದ ಮಗಳು ಶಿವಲೀಲಾ. ಅವಳ ದೃಷ್ಟಿ ಮಂಕಾಗುತ್ತ ಬಂತು. ಹೊತ್ತು ಇಳಿದರೆ ಗೋಡೆ ಹಿಡಿದು ನಡೆಯುತ್ತಿದ್ದಳು.

ಕಣ್ಣಿನ ಡಾಕ್ಟರಮ್ಮ ಪರೀಕ್ಷಿಸಿ ಹೇಳಿದರು: "ಹುಟ್ಟಿನಿಂದಲೇ ಒಂದು ಜೀನ್ ಕೆಟ್ಟಿದೆ. ಅದರ ಸರಿಯಾದ ಪ್ರತಿಯನ್ನು ಕಣ್ಣಿನ ಜೀವಕೋಶಗಳೊಳಗೆ ಮುಟ್ಟಿಸಬೇಕು. ಅದನ್ನು ಹೊತ್ತೊಯ್ಯುವುದು ಒಂದು ವೈರಾಣು."

ನೀಲವ್ವ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. "ನನ್ನ ಮಗನನ್ನು ಕೊಂದದ್ದೇ ವೈರಾಣು. ಈಗ ಇವಳ ಕಣ್ಣಿಗೂ ಬಿಡುತ್ತೀರಾ?"

"ಇದು ಆ ವೈರಾಣು ಅಲ್ಲಮ್ಮ. ಇದರ ಸ್ವಂತ ಜೀನ್‌ಗಳನ್ನು ತೆಗೆದು, ಆ ಜಾಗದಲ್ಲಿ ಮಗುವಿಗೆ ಬೇಕಾದ ಜೀನ್ ಇಟ್ಟಿರುತ್ತಾರೆ. ಉಳಿಯುವುದು ಹೊರಗಿನ ಕವಚ ಮಾತ್ರ. ಅದು ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ, ಜೀವಕೋಶವೇ ಅದನ್ನು ಒಳಗೆಳೆದುಕೊಳ್ಳುತ್ತದೆ. ಒಳಗೆ ಕವಚ ಬಿಚ್ಚಿ ಜೀನ್ ಹೊರಬರುತ್ತದೆ."

"ಏನಾದರೂ ತಪ್ಪಾದರೆ ವಾಪಸು ತೆಗೆಯಬಹುದೇ?"

"ಇಲ್ಲ. ಅದಕ್ಕೇ ನನಗೂ ಹೆದರಿಕೆ. ಆ ಹೆದರಿಕೆಗೇ ಸೂಜಿ ಹಿಡಿಯುವ ಮುನ್ನ ಔಷಧದ ಅಳತೆಯನ್ನು ಮತ್ತೆ ಮತ್ತೆ ನೋಡುತ್ತೇನೆ."

ನೀಲವ್ವ ಮಗಳನ್ನು ಎತ್ತಿಕೊಂಡು ಮನೆಗೆ ಹೋದಳು. ಮೂರು ದಿನ ಮಗ್ಗದ ಮುಂದೆ ಕೂತರೂ ಒಂದು ಗೇಣು ಬಟ್ಟೆ ನೇಯಲಾಗಲಿಲ್ಲ. ಕಣ್ಣು ಮುಚ್ಚಿದರೆ ಮಗನ ಸುಡುವ ಮೈ ನೆನಪಾಗುತ್ತಿತ್ತು. ನಾಲ್ಕನೆಯ ದಿನ ತಾನಾಗಿಯೇ ಆಸ್ಪತ್ರೆಗೆ ಬಂದಳು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಹೆಸರಿನ ಕೊನೆಯ ಅಕ್ಷರ ತಪ್ಪಿತು.

ಮಗುವಿಗೆ ಅರಿವಳಿಕೆ ಕೊಟ್ಟು, ಒಂದು ಕಣ್ಣಿನ ಒಳಪರದೆಯಾದ ರೆಟಿನಾದ ಹಿಂದೆ ಔಷಧ ಇಳಿಸಿದರು. ಮರುದಿನ ಕಣ್ಣು ಕೆಂಪಗೆ ಊದಿಕೊಂಡಿತು. ನೀಲವ್ವ ಗಳಿಗೆಗೊಮ್ಮೆ ಮಗಳ ಹಣೆ ಮುಟ್ಟುತ್ತ, ದಿನಕ್ಕೆ ನೂರು ಸಲ ಸತ್ತು ಬದುಕಿದಳು. ಜ್ವರ ಬರಲಿಲ್ಲ. ವಾರದಲ್ಲಿ ಊತ ಇಳಿಯಿತು.

ತಿಂಗಳು ಕಳೆದ ಮೇಲೆ, ದೀಪ ಹಚ್ಚುವ ಮೊದಲಿನ ಮಬ್ಬಿನಲ್ಲಿ ಶಿವಲೀಲಾ ತಾಯಿಯ ಮುಖವನ್ನೇ ನೋಡುತ್ತ, "ಅವ್ವಾ, ಯಾಕ ಅಳಾಕತ್ತಿ?" ಎಂದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ನಿಜಗುಣ ಕೇಳಿದ: "ಹಾಗಾದರೆ ಇನ್ನೊಂದು ಕಣ್ಣಿನ ಸರದಿ ಬಂದಾಗ ನೀಲವ್ವನಿಗೆ ಭಯ ಇರಲಿಲ್ಲವೇ?"

"ಇತ್ತು," ಎಂದರು ಗುರುಗಳು, "ಆದರೆ ಆ ದಿನ ಅವಳು ಕೇಳಿದ್ದು ಒಂದೇ ಮಾತು: 'ಡಾಕ್ಟರಮ್ಮ, ನಿಮಗೆ ಇವತ್ತೂ ಹೆದರಿಕೆ ಇದೆ ತಾನೇ?'"